ಗುಡ್ಡದ್ದು ಯಾವುದು, ತೋಟದ್ದು ಯಾವುದು? ಬಸವನಹುಳು ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಡಿದ ಮೇಲೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಬಸವನಹುಳುವಿನ ಬಗ್ಗೆ ಬಂದ ಪತ್ರಗಳಲ್ಲಿ ಎರಡು ಬಗೆ. ಒಂದು, 'ಇವನ್ನು ಹೇಗೆ ಕೊಲ್ಲುವುದು?' ಇನ್ನೊಂದು, 'ಗುಡ್ಡದಲ್ಲಿ ಕಂಡದ್ದು ಯಾವ ಹುಳು?' ಎರಡನ್ನೂ ಬೇಕೆಂದೇ ಒಂದೇ ಕಂತಿನಲ್ಲಿ ಸೇರಿಸಿದ್ದೇವೆ. ಮೊದಲನೆಯವರು ಸುರಿಯುವ ಔಷಧಿ ಎರಡನೆಯವರ ಹುಳುವಿನ ಮೇಲೂ ಬೀಳುತ್ತದೆ.

ಪ್ರಶ್ನೆ: ಮಖಾ ಮಳೆ ಬಿದ್ದ ಮರುದಿನ ಕುಮಾರಸ್ವಾಮಿ ಗುಡ್ಡದ ದಾರಿಯಲ್ಲಿ ಚಪ್ಪಟೆ ಚಿಪ್ಪಿನ, ಕಂದು ಪಟ್ಟೆಯ ಬಸವನಹುಳುಗಳನ್ನು ಕಂಡೆ. ಕಲ್ಲಿನ ಸಂದಿಯಲ್ಲಿ ಒಂದು ಸೆಂಟಿಮೀಟರ್‌ನಷ್ಟು ಉದ್ದದ, ಬಿಳಿಚಿದ ಕಿರಿ ಚಿಪ್ಪುಗಳೂ ಇದ್ದವು. ಬೇಸಿಗೆಯಲ್ಲಿ ಅದೇ ಜಾಗಕ್ಕೆ ಹೋದರೆ ಒಂದೂ ಇಲ್ಲ. ಎಲ್ಲಿ ಹೋಗುತ್ತವೆ? ಪ್ರಾಜೆಕ್ಟಿಗೆ ಎಣಿಸಬೇಕೆಂದರೆ ಏನು ಮಾಡಬೇಕು?
— ಬಿ.ಎಸ್ಸಿ. ವಿದ್ಯಾರ್ಥಿನಿ, ಸಂಡೂರು

ಉತ್ತರ: ಎಲ್ಲಿಗೂ ಹೋಗಿರುವುದಿಲ್ಲ, ಅಲ್ಲೇ ಇರುತ್ತವೆ. ಬಂಡೆಯ ಬುಡದಲ್ಲಿ, ಎಲೆಕಸದ ಕೆಳಗೆ, ಬೇರಿನ ಪೊಟರೆಯಲ್ಲಿ ಸೇರಿಕೊಂಡು ಚಿಪ್ಪಿನ ಬಾಯಿಗೆ ಲೋಳೆಯ ಪರದೆ ಕಟ್ಟಿಕೊಂಡು ಬೇಸಿಗೆ ನಿದ್ದೆಗೆ ಬಿದ್ದಿರುತ್ತವೆ. ಒಣಗಿದ ಆ ಪರದೆ ಕಾಗದದಷ್ಟು ತೆಳ್ಳಗಿರಬಹುದು. ಕೆಲವು ಜಾತಿಗಳಲ್ಲಿ ಸುಣ್ಣ ಬೆರೆತು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಆಗ ಉಸಿರಾಟ ನಿಧಾನ, ಆಹಾರ ಇಲ್ಲ, ಮೈಯ ನೀರು ಹನಿಹನಿಯಾಗಿ ಮಾತ್ರ ಖರ್ಚು. ಕುತೂಹಲಕ್ಕೆಂದು ಆ ಪರದೆಯನ್ನು ಕಿತ್ತು ನೋಡಬೇಡಿ. ಮತ್ತೊಂದು ಪರದೆ ಕಟ್ಟಲು ಅದು ಉಳಿಸಿಟ್ಟ ನೀರನ್ನೇ ಖರ್ಚು ಮಾಡಬೇಕು. ಏಪ್ರಿಲ್‌ನಲ್ಲಿ ಎರಡು ಮೂರು ಸಲ ಹೀಗಾದರೆ ಮೃಗಶಿರ ಮಳೆಯವರೆಗೆ ಅದು ಉಳಿಯುವುದು ಕಷ್ಟ.

ನೀವು ಬರೆದ ವಿವರಣೆಗೆ ದಖ್ಖನ್ನಿನ ಒಣ ಸೀಮೆಯ ಎರಡು ಕುಲಗಳು (ಕುಲ ಎಂದರೆ ಹತ್ತಿರದ ಜಾತಿಗಳ ಗುಂಪು) ಹೊಂದುತ್ತವೆ. ಚಪ್ಪಟೆಯಾಗಿ, ಪಟ್ಟೆಯಿಟ್ಟು, ಮೂರು ಸೆಂಟಿಮೀಟರ್ ಆಸುಪಾಸು ಅಗಲವಿದ್ದರೆ ಕ್ರಿಪ್ಟೊಜೋನಾ. ಉರುಳೆಯಾಕಾರದ ಕಿರಿ ಚಿಪ್ಪು ಜೂಟೆಕಸ್ ಇರಬಹುದು. ಇವೆರಡರ ಜೊತೆಗೆ ಗಾಜಿನಂತೆ ಹೊಳೆಯುವ ತೆಳು ಚಿಪ್ಪಿನ ಮ್ಯಾಕ್ರೊಕ್ಲಾಮಿಸ್, ಮರದ ಕಾಂಡಕ್ಕೆ ಅಂಟಿಕೊಂಡಿರುವ ಶಂಕುವಿನಾಕಾರದ ರ್‍ಯಾಕಿಸ್ ಕೂಡ ನಮ್ಮ ಸೀಮೆಯಲ್ಲಿ ಕಣ್ಣಿಗೆ ಬೀಳುವಂಥವು. ಫೋಟೋ ನೋಡಿ ಕುಲ ಹೇಳಬಹುದು. ಜಾತಿ ಹೇಳಲು ಹಲವು ಸಲ ಒಳಗಿನ ಅಂಗರಚನೆಯನ್ನೇ ನೋಡಬೇಕಾಗುತ್ತದೆ. ಆದ್ದರಿಂದ ವರದಿಯಲ್ಲಿ ಕುಲದ ಹೆಸರಿಗೇ ನಿಲ್ಲಿ. ಊಹಿಸಿ ಜಾತಿ ಬರೆದರೆ ಪರೀಕ್ಷಕರು ಮೊದಲು ಹಿಡಿಯುವುದೇ ಅದನ್ನು.

ಎಣಿಸುವ ಕ್ರಮ ಹೀಗಿರಲಿ. ಮಳೆ ಬಿದ್ದ ಮರುದಿನ ಬೆಳಗ್ಗೆ ಬಿಸಿಲೇರುವ ಮೊದಲು ಹೋಗಿ. ಹಗ್ಗದಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಹಾಕಿ. ಗುಡ್ಡದ ಬುಡ, ನಡು, ನೆತ್ತಿ ಮೂರು ಕಡೆಯೂ ಒಂದೇ ಸಂಖ್ಯೆಯ ಚೌಕಗಳಿರಲಿ. ಕನಿಷ್ಠ ಐದೈದು ಇದ್ದರೆ ಹೋಲಿಸಲು ಬರುತ್ತದೆ. ಚೌಕದೊಳಗೆ ಜೀವಂತ ಹುಳು, ಹೊಸ ಖಾಲಿ ಚಿಪ್ಪು, ಬಣ್ಣ ಹೋದ ಹಳೆ ಚಿಪ್ಪು, ಮೂರನ್ನೂ ಬೇರೆ ಬೇರೆ ಎಣಿಸಿ. ಇವನ್ನು ಒಟ್ಟಿಗೆ ಸೇರಿಸುವುದೇ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಕಾಣುವ ದೊಡ್ಡ ತಪ್ಪು. ಬೆಳ್ಳಗಾದ ಚಿಪ್ಪು ವರ್ಷಗಳ ಹಿಂದಿನದಿರಬಹುದು, ಮಳೆನೀರಿಗೆ ಮೇಲಿನಿಂದ ಉರುಳಿ ಬಂದದ್ದೂ ಇರಬಹುದು.

ಐದು ಮಿಲಿಮೀಟರ್‌ಗಿಂತ ಚಿಕ್ಕವು ಕಣ್ಣಿಗೆ ಸಿಗುವುದಿಲ್ಲ. ಪ್ರತಿ ಜಾಗದಿಂದ ಎರಡು ಲೀಟರ್‌ನಷ್ಟು ಎಲೆಕಸ, ಮೇಲ್ಮಣ್ಣನ್ನು ಬಟ್ಟೆ ಚೀಲಕ್ಕೆ ತುಂಬಿ ತಂದು ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಮೊದಲು 10 ಮಿ.ಮೀ., ನಂತರ 2 ಮಿ.ಮೀ., ಕೊನೆಗೆ 0.5 ಮಿ.ಮೀ. ಜಾಲರಿಯಲ್ಲಿ ಜರಡಿ ಹಿಡಿದು ಉಳಿದದ್ದನ್ನು ಬಿಳಿ ತಟ್ಟೆಗೆ ಹರಡಿ ಭೂತಗನ್ನಡಿಯಲ್ಲಿ ನೋಡಿ. ಹಸಿಯಿದ್ದಾಗಲೇ ಜರಡಿ ಹಿಡಿದರೆ ಮಣ್ಣಿನ ಉಂಡೆಗಳೊಳಗೆ ಚಿಪ್ಪು ಉಳಿದು ಲೆಕ್ಕ ತಪ್ಪುತ್ತದೆ.

ಕಲ್ಲು ಎತ್ತುವಾಗ ಕೊಕ್ಕೆ ಬಳಸಿ, ಆಚೆ ಅಂಚನ್ನು ಹಿಡಿದು ನಿಮ್ಮ ಕಡೆಗೆ ಎತ್ತಿ. ಅಡಿಯಲ್ಲಿ ಚೇಳು, ಹಾವು ಇದ್ದರೆ ಕಲ್ಲೇ ಅಡ್ಡವಾಗುತ್ತದೆ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಮರಳಿ ಇಡಿ. ಅಡಿಯ ತೇವ ಒಮ್ಮೆ ಆರಿದರೆ ಆ ಮನೆ ಹಾಳು. ಮೀಸಲು ಅರಣ್ಯದ ಗಡಿಯೊಳಗೆ ಹೋಗುವುದಿದ್ದರೆ ಕಾಲೇಜಿನ ಪತ್ರದೊಂದಿಗೆ ವಲಯ ಅರಣ್ಯಾಧಿಕಾರಿಯ ಅನುಮತಿಯನ್ನು ಮೊದಲೇ ಪಡೆಯಿರಿ.

ಇನ್ನೊಂದು ಮಾತು, ವಯಸ್ಕ ಹುಳುವನ್ನು ಗುರುತಿಸುವ ಬಗ್ಗೆ. ಪಠ್ಯಪುಸ್ತಕದಲ್ಲಿ 'ಬಾಯಂಚು ದಪ್ಪಗಾಗಿ ಹೊರಗೆ ಮಡಚಿದ್ದರೆ ವಯಸ್ಕ' ಎಂದಿರುತ್ತದೆ. ಕ್ರಿಪ್ಟೊಜೋನಾ, ಮ್ಯಾಕ್ರೊಕ್ಲಾಮಿಸ್‌ಗಳಿಗೆ ಈ ಗುರುತು ನಡೆಯದು, ಅವುಗಳ ಅಂಚು ಕೊನೆಯವರೆಗೂ ತೆಳ್ಳಗೇ ಇರುತ್ತದೆ. ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು, ನೆತ್ತಿಯಿಂದ ಸುತ್ತುಗಳನ್ನು ಎಣಿಸಿ ಎರಡನ್ನೂ ಬರೆದಿಡಿ.

ಪ್ರಶ್ನೆ: ಸರ, ನಮ್ದು ಕಾರಟಗಿ ಹತ್ರ ಎರಡ ಎಕರೆ ಪಪ್ಪಾಯಿ ತ್ವಾಟ. ಮುಂಗಾರು ಸುರು ಆದಾಗಿಂದ ಅಂಗೈ ಉದ್ದದ ಬಸವನಹುಳ ರಾತ್ರಿ ಗಿಡ ಏರ್ತಾವ, ಸಿಪ್ಪಿ ಕೆರದು ತಿಂತಾವ. ಉಪ್ಪು ಹಾಕಿದ್ವಿ, ಸುಣ್ಣದ ಪುಡಿ ಗೆರಿ ಎಳದ್ವಿ. ಎರಡ ದಿನ ತಡೀತು, ಆಮ್ಯಾಲೆ ಮತ್ತ ಅದಾ ಕತಿ. ಏನ್ ಮಾಡ್ಬೇಕ್ರಿ?
— ರೈತರು, ಕಾರಟಗಿ

ಉತ್ತರ: ಅಂಗೈ ಉದ್ದ ಎಂದರೆ ಅದು ಆಫ್ರಿಕಾದ ದೈತ್ಯ ಬಸವನಹುಳುವೇ. ಖಚಿತ ಮಾಡಿಕೊಳ್ಳಲು ಖಾಲಿ ಚಿಪ್ಪೊಂದರ ಬಾಯನ್ನು ನಿಮ್ಮ ಕಡೆ ತಿರುಗಿಸಿ ನೋಡಿ. ಒಳಗಿನ ನಡುಗಂಬ ಬುಡಕ್ಕೆ ಬಂದಾಗ ಕತ್ತರಿಸಿದಂತೆ ತಟ್ಟನೆ ನಿಂತಿದ್ದರೆ ಅದೇ. ನಮ್ಮ ನಾಡಿನ ಪಟ್ಟೆ ಹುಳುಗಳು ಚಪ್ಪಟೆ. ಇದು ಉದ್ದ, ಮೊನಚು, ಕಂದು ಗೆರೆಗಳದ್ದು.

ಇದು ಪೂರ್ವ ಆಫ್ರಿಕಾದ ಮೂಲದ್ದು. 1847ರಲ್ಲಿ ವಿಲಿಯಂ ಹೆನ್ರಿ ಬೆನ್ಸನ್ ಎಂಬ ಚಿಪ್ಪುತಜ್ಞ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ಚೌರಂಗಿಯ ತೋಟವೊಂದರಲ್ಲಿ ಬಿಟ್ಟ. ಅಲ್ಲಿಂದ ಸಸಿ, ಮಣ್ಣು, ಲಾರಿಗಳ ಜೊತೆ ಊರೂರು ಸುತ್ತಿದೆ. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಅಂಗ ಇರುವುದರಿಂದ ಪ್ರತಿ ಹುಳುವೂ ಮೊಟ್ಟೆ ಇಡಬಲ್ಲದು. ಒಂದು ಸಲಕ್ಕೆ ನೂರರಿಂದ ನಾನೂರರವರೆಗೆ. ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಮೊಟ್ಟೆ ಇಡುತ್ತದೆ. ಆದ್ದರಿಂದ 'ನಾಲ್ಕೇ ಉಳಿದಾವ, ಬಿಡು' ಎನ್ನುವಂತಿಲ್ಲ.

ಉಪ್ಪು, ಸುಣ್ಣ ಏಕೆ ಸೋತವು? ಒಣ ಸುಣ್ಣದ ಪುಡಿ ಹುಳುವಿನ ಲೋಳೆಯನ್ನು ಹೀರಿ ಸುಡುತ್ತದೆ, ಒಣಗಿರುವಷ್ಟು ಹೊತ್ತು ಮಾತ್ರ. ಇಬ್ಬನಿ, ಮಳೆ, ಹರಿನೀರು ತಾಗಿದ ಮೇಲೆ ಅದು ಗಾಳಿಯೊಂದಿಗೆ ಸೇರಿ ಮಾಮೂಲಿ ಸುಣ್ಣಕಲ್ಲಾಗುತ್ತದೆ. ಆಮೇಲೆ ಹುಳುವೇ ಅದನ್ನು ಕೆರೆದು ತಿಂದು ಚಿಪ್ಪು ಗಟ್ಟಿ ಮಾಡಿಕೊಳ್ಳುತ್ತದೆ! ಬೂದಿಯ ಕಥೆಯೂ ಇಷ್ಟೇ. ಉಪ್ಪಂತೂ ಹೊಲಕ್ಕೆ ಹಾಕಲೇಬೇಡಿ. ತುಂಗಭದ್ರಾ ಎಡದಂಡೆಯ ಅಚ್ಚುಕಟ್ಟಿನಲ್ಲಿ ಸವಳು ಮೊದಲೇ ಇದೆ, ಅದಕ್ಕೆ ಕೈಯಾರೆ ಸೇರಿಸುವುದು ಬೇಡ.

ಮಾಡಬೇಕಾದದ್ದು ಹೀಗೆ. ಮೊದಲ ಎರಡು ಹದ ಮಳೆಗೆ ಹುಳುಗಳು ನಿದ್ದೆ ಬಿಟ್ಟು ಒಟ್ಟಿಗೆ ಹೊರಬರುತ್ತವೆ. ಮೊಟ್ಟೆ ಇಡುವ ಮೊದಲು ಸಿಗುವ ಅವಕಾಶ ಅದು. ಸಂಜೆ ಗೋಣಿಚೀಲಗಳನ್ನು ನೀರಲ್ಲಿ ಅದ್ದಿ, ಬದುವಿನುದ್ದಕ್ಕೂ ಐದಾರು ಮೀಟರ್‌ಗೊಂದರಂತೆ ಹಾಸಿ, ಅಡಿಗೆ ಪಪ್ಪಾಯಿ ಎಲೆ ಇಲ್ಲವೆ ಕೋಸಿನ ಸಿಪ್ಪೆ ಇಡಿ. ರಾತ್ರಿ ತಿಂದು ಬೆಳಗಿನ ಜಾವ ಬಿಸಿಲಿಗೆ ಹೆದರಿ ಅದೇ ಚೀಲದಡಿ ಸೇರುತ್ತವೆ. ಸೂರ್ಯ ಏರುವ ಮೊದಲು ಕೈಗವಸು ಹಾಕಿಕೊಂಡು ಆಯಿರಿ. ಒಂದು ಲೀಟರ್ ನೀರಿಗೆ 200 ಗ್ರಾಂ ಉಪ್ಪು ಕರಗಿಸಿದ ಬಕೆಟ್ಟಿಗೆ ಹಾಕಿ ಮುಚ್ಚಳ ಮುಚ್ಚಿ. ಸತ್ತವನ್ನು ಸೋಸಿ ತೆಗೆದು ಎರಡಡಿ ಆಳದ ಗುಂಡಿಯಲ್ಲಿ ಹೂಳಿ. ಉಪ್ಪುನೀರನ್ನು ಮರುದಿನಕ್ಕೂ ಬಳಸಿ, ಹೊಲಕ್ಕೋ ಕಾಲುವೆಗೋ ಚೆಲ್ಲಬೇಡಿ. ಕಾಲಲ್ಲಿ ತುಳಿದು ಬಿಡುವುದು ಸಾಲದು. ಹೊಟ್ಟೆಯೊಳಗಿನ ಬಲಿತ ಮೊಟ್ಟೆ ಉಳಿದುಬಿಡಬಹುದು, ವಾಸನೆಗೆ ಉಳಿದ ಹುಳುಗಳೂ ಬರುತ್ತವೆ.

ಮೊಟ್ಟೆಗಳನ್ನು ಗಿಡದ ಬುಡದ ಸಡಿಲ ಮಣ್ಣಿನಲ್ಲಿ, ಮೇಲಿನ ಮೂರರಿಂದ ಐದು ಸೆಂಟಿಮೀಟರ್‌ನಲ್ಲಿ ಹುಡುಕಿ. ತಿಳಿ ಹಳದಿ ಬಿಳುಪು, ನಾಲ್ಕೈದು ಮಿಲಿಮೀಟರ್ ಗಾತ್ರ, ರಾಶಿಯಾಗಿ ಇರುತ್ತವೆ. ಹೊರಗೆ ತೆಗೆದು ಬಿಸಿಲಿಗೆ ಹರಡಿದರೆ ಸಾಕು, ಒಣಗಿ ಸಾಯುತ್ತವೆ.

ಕಾಂಡಕ್ಕೆ ಬೋರ್ಡೊ ಮುಲಾಮು ಬಳಿಯಿರಿ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಟ್ಟ ಸುಣ್ಣ, ಹತ್ತು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಐದೈದು ಲೀಟರ್‌ಗೆ ಕರಗಿಸಿ, ಸುಣ್ಣ ಆರಿದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಕಲಕುತ್ತ ಸುರಿಯಬೇಕು. ಕಬ್ಬಿಣದ ಬಕೆಟ್ ಬೇಡ, ತಾಮ್ರ ಅದಕ್ಕೆ ಅಂಟಿ ಮುಲಾಮು ಕೆಡುತ್ತದೆ. ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ, ಇನ್ನಷ್ಟು ಸೇರಿಸಿ. ನೆಲದಿಂದ ಎರಡಡಿ ಎತ್ತರದವರೆಗೆ ಬಳಿಯಿರಿ. ತಾಮ್ರ ಮಣ್ಣಿನಲ್ಲಿ ಕೂಡಿಕೊಂಡು ಎರೆಹುಳುವಿಗೂ ಮಾರಕ, ಆದ್ದರಿಂದ ನೆಲಕ್ಕೆ ಸುರಿಯುವುದು ಬೇಡ.

ವಿಷದ ಗುಳಿಗೆ ಕೊನೆಗೆ. ಮೆಟಾಲ್ಡಿಹೈಡ್ ಗುಳಿಗೆ ತಿಂದ ಹುಳು ಲೋಳೆ ಸುರಿಸುತ್ತ ಒಣಗಿ ಸಾಯುತ್ತದೆ. ಆ ರಾತ್ರಿ ಮಳೆ ಬಂದರೆ ನೀರು ಹೀರಿಕೊಂಡು ಚೇತರಿಸಿಕೊಳ್ಳುತ್ತದೆ, ದುಡ್ಡು ನೀರುಪಾಲು. ಎರಡು ಮೂರು ದಿನ ಹೊಳವು ಇರುವಾಗ, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ, ರಾಶಿ ಹಾಕದೆ ಚೆದುರಿಸಿ ಹಾಕಿ. ನಾಯಿ, ಕೋಳಿ ತಿಂದರೆ ಸಾಯುತ್ತವೆ. ಫೆರಿಕ್ ಫಾಸ್ಫೇಟ್ ಗುಳಿಗೆ ಸಿಕ್ಕರೆ ಅದು ಮೇಲು. ತಿಂದ ಹುಳು ಆಹಾರ ಬಿಟ್ಟು ಸಂದಿಯಲ್ಲಿ ಸಾಯುವುದರಿಂದ ಹೆಣ ಕಾಣುವುದಿಲ್ಲ, ಕೆಲಸ ಮಾಡಲಿಲ್ಲವೆಂದು ಇಮ್ಮಡಿ ಹಾಕಬೇಡಿ. ಗುಡ್ಡದ ಬುಡದ ಹೊಲದವರು ಬದುವಿನಾಚೆ ಯಾವ ಗುಳಿಗೆಯನ್ನೂ ಎಸೆಯಬೇಡಿ. ಗುಳಿಗೆಗೆ ದೈತ್ಯ ಹುಳು, ದೇಸಿ ಹುಳು ಎಂಬ ಭೇದವಿಲ್ಲ.

ನೀರನ್ನು ಸಂಜೆ ಕಟ್ಟುವ ಬದಲು ಬೆಳಗ್ಗೆ ಕಟ್ಟಿ, ರಾತ್ರಿಗೆ ಮೇಲ್ಮಣ್ಣು ಆರಿರಲಿ. ಬದುವಿನ ಕಸ, ಹಳೆ ಬಾಳೆದಿಂಡು, ಕಲ್ಲುರಾಶಿ ತೆಗೆಯಿರಿ. ಅಕ್ಕಪಕ್ಕದ ಹತ್ತು ಹೊಲದವರು ಒಂದೇ ವಾರ ಆಯದಿದ್ದರೆ ನಿಮ್ಮ ದುಡಿಮೆ ನೆರೆಯವರ ಹುಳುವಿಗೆ ಜಾಗ ತೆರವು ಮಾಡಿಕೊಟ್ಟಂತಾಗುತ್ತದೆ.

ಪ್ರಶ್ನೆ: ಭತ್ತದ ಗದ್ದೆಯ ನೀರಿನಲ್ಲಿ ಬಾಯಿಗೆ ಮುಚ್ಚಳವಿರುವ ದುಂಡನೆ ಬಸವನಹುಳು ಇವೆ. ಇವೂ ಅದೇ ಜಾತಿಯೇ? ಕೊಲ್ಲಬೇಕೆ?
— ಓದುಗರು, ಸಿಂಧನೂರು

ಉತ್ತರ: ಅಲ್ಲ. ಅದು ಪೈಲಾ, ನಮ್ಮದೇ ನೀರಿನ ಬಸವನಹುಳು. ಕಿವಿರು, ಶ್ವಾಸಕೋಶ ಎರಡೂ ಇರುವುದರಿಂದ ನೀರಲ್ಲೂ ದಂಡೆಯಲ್ಲೂ ಬದುಕುತ್ತದೆ. ಬೆಳೆದ ಭತ್ತಕ್ಕೆ ಗಣನೀಯ ಹಾನಿ ಮಾಡುವುದಿಲ್ಲ. ಕೊಯ್ಲಾದ ಗದ್ದೆಗೆ ಬಾತುಕೋಳಿ ಹಿಂಡು ಬಂದರೆ ಮರಿಗಳನ್ನು ಅವೇ ತಿಂದು ಮುಗಿಸುತ್ತವೆ. ಒಂದನ್ನು ಮಾತ್ರ ಗಮನಿಸಿ: ನೀರಿನ ಮೇಲಿನ ಕಾಂಡಕ್ಕೆ ಗುಲಾಬಿ ಬಣ್ಣದ ಮೊಟ್ಟೆಗೊಂಚಲು ಅಂಟಿದ್ದರೆ ಅದು ಪೈಲಾದ್ದಲ್ಲ. ಪೈಲಾ ದಂಡೆಯ ಮಣ್ಣಿನ ಗೂಡಲ್ಲಿ ಬಿಳಿ ಮೊಟ್ಟೆ ಇಡುತ್ತದೆ. ಗುಲಾಬಿ ಮೊಟ್ಟೆ ದಕ್ಷಿಣ ಅಮೆರಿಕ ಮೂಲದ ಪೊಮೇಸಿಯಾದ್ದು, ಆಗ್ನೇಯ ಏಷ್ಯಾದ ಭತ್ತಕ್ಕೆ ಅದು ದೊಡ್ಡ ಪಿಡುಗು. ಕಂಡರೆ ಫೋಟೋ ತೆಗೆದು ಅದೇ ದಿನ ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಿ.

ಪ್ರಶ್ನೆ: ಅಮೆರಿಕದ ರಾಕಿ ಪರ್ವತಗಳ ಓರಿಯೊಹೆಲಿಕ್ಸ್ ಎಂಬ ಬಸವನಹುಳು ಮೊಟ್ಟೆ ಇಡದೆ ಮರಿ ಹಾಕುತ್ತದೆ ಎಂದು ಓದಿದೆ. ಪರ್ವತದಲ್ಲಿ ಇರುವುದಕ್ಕೂ ಮರಿ ಹಾಕುವುದಕ್ಕೂ ಏನು ಸಂಬಂಧ? ನಮ್ಮಲ್ಲಿ ಅಂಥವು ಇವೆಯೇ?
— ಪ್ರೌಢಶಾಲಾ ಶಿಕ್ಷಕರು, ಕೊಪ್ಪಳ

ಉತ್ತರ: ಓದಿದ್ದು ಸರಿ. ಓರಿಯೊಹೆಲಿಕ್ಸ್ ಕುಲಕ್ಕೆ 1904ರಲ್ಲಿ ಹೆಸರಿಟ್ಟವರು ಅಮೆರಿಕದ ಹೆನ್ರಿ ಪಿಲ್ಸ್‌ಬ್ರಿ. ಉತ್ತರ ಅಮೆರಿಕದ ಪಶ್ಚಿಮ ಭಾಗದ ಬೆಟ್ಟಗಳಲ್ಲಿ, ಕೆನಡಾದ ದಕ್ಷಿಣದಿಂದ ಮೆಕ್ಸಿಕೊದ ಉತ್ತರದವರೆಗೆ ಇವು ಹರಡಿವೆ. ಚಿಪ್ಪು ಸಾಮಾನ್ಯವಾಗಿ ಒಂದರಿಂದ ಎರಡು ಸೆಂಟಿಮೀಟರ್ ಅಗಲ, ತಗ್ಗಾದ ಗೋಪುರದ ಆಕಾರ, ಹಲವಕ್ಕೆ ಎರಡು ಕಂದು ಪಟ್ಟೆ. ಸುಣ್ಣಕಲ್ಲಿನ ಬಂಡೆ ಒಡೆದು ಉರುಳಿದ ಕಲ್ಲುರಾಶಿಗಳೇ ಅವಕ್ಕೆ ಅಚ್ಚುಮೆಚ್ಚು. ಮೇಲಿನ ಕಲ್ಲು ಬಿಸಿಲಿಗೆ ಕಾದರೂ ಒಳಸಂದಿ ತಂಪಾಗಿ, ತೇವವಾಗಿ ಇರುತ್ತದೆ. ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಆ ಕಲ್ಲಿನಿಂದಲೇ ಸಿಗುತ್ತದೆ.

ಮರಿ ಹಾಕುವುದೆಂದರೆ ಹಸು ಕರು ಹಾಕಿದಂತಲ್ಲ. ಮೊಟ್ಟೆಗಳು ತಾಯಿಯ ಒಳಗೇ ಉಳಿದು, ಅಲ್ಲೇ ಒಡೆದು, ಸುಮಾರು ಎರಡು ಸುತ್ತಿನ ಪುಟ್ಟ ಚಿಪ್ಪು ಮೂಡಿದ ಮೇಲೆ ಹೊರಬರುತ್ತವೆ. ಇದರ ಲಾಭ ಹೀಗೆ: ನೆಲದಲ್ಲಿಟ್ಟ ಮೊಟ್ಟೆಗೆ ವಾರಗಟ್ಟಲೆ ತೇವ ಬೇಕು, ನಡುವೆ ಮಣ್ಣು ಒಣಗಿದರೆ ಎಲ್ಲ ಸತ್ತವು. ತಾಯಿ ಮಾತ್ರ ತೇವ ಇರುವ ಸಂದಿಗೆ ಸರಿಯಬಲ್ಲಳು. ರಾಕಿ ಬೆಟ್ಟಗಳಲ್ಲಿ ಹಿಮ ಕರಗಿದ ಮೇಲೆ ಬೇಸಿಗೆ ಒಣಗುವವರೆಗಿನ ಹಸಿ ಕಾಲ ಚಿಕ್ಕದು. ಅಷ್ಟರಲ್ಲಿ ಮೊಟ್ಟೆಯ ಹಂತವನ್ನು ತಾಯಿಯ ಹೊಟ್ಟೆಯಲ್ಲೇ ಕಳೆದುಬಿಟ್ಟರೆ ಮರಿಗೆ ಉಳಿಯುವ ಅವಕಾಶ ಹೆಚ್ಚು. ನಷ್ಟವೆಂದರೆ ಸಂಖ್ಯೆ. ದೈತ್ಯ ಹುಳುವಿನ ನೂರಾರು ಮೊಟ್ಟೆಯ ಎದುರು ಇವುಗಳ ಮರಿಗಳು ಬೆರಳೆಣಿಕೆಯಷ್ಟು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ತುಸು ತಿರುಗಿಸಬೇಕು. ಮರಿ ಹಾಕುವ ಗುಣಕ್ಕೆ ಪರ್ವತಕ್ಕಿಂತ ಹತ್ತಿರದ ಕಾರಣ ಒಣಹವೆ, ಗಳಿಗೆಗೊಮ್ಮೆ ಕೈಕೊಡುವ ತೇವ. ಇದಕ್ಕೆ ಸಾಕ್ಷಿ ನಿಮ್ಮ ಜಿಲ್ಲೆಯ ಹವೆಯಲ್ಲೇ ಸಿಗುತ್ತದೆ. ಸಂಡೂರಿನ ವಿದ್ಯಾರ್ಥಿನಿಗೆ ಹೇಳಿದ ಜೂಟೆಕಸ್ ಕೂಡ ಮರಿ ಹಾಕುವ ಕುಲ. ಅದು ಪರ್ವತವಾಸಿಯಲ್ಲ, ಭಾರತದ ಒಣ ಬಯಲು, ಕುರುಚಲು ಗುಡ್ಡಗಳಲ್ಲಿ ಬಾಳುತ್ತದೆ. ಓರಿಯೊಹೆಲಿಕ್ಸ್‌ಗೂ ಅದಕ್ಕೂ ಹತ್ತಿರದ ನಂಟಿಲ್ಲ. ಎರಡೂ ಒಣ ನೆಲದ ಒಂದೇ ಕಷ್ಟಕ್ಕೆ ಬೇರೆ ಬೇರೆಯಾಗಿ ಒಂದೇ ದಾರಿ ಹಿಡಿದಿವೆ. ತರಗತಿಯಲ್ಲಿ ಜೀವವಿಕಾಸ ಹೇಳುವಾಗ ಡಾಲ್ಫಿನ್, ಶಾರ್ಕ್‌ಗಳ ಮಾಮೂಲಿ ಉದಾಹರಣೆಯ ಜೊತೆ ಇದನ್ನೂ ಹೇಳಬಹುದು.

ಪರ್ವತ ಮಾಡುವ ಕೆಲಸ ಬೇರೆ, ಅದು ಹುಳುಗಳನ್ನು ಬೇರ್ಪಡಿಸುತ್ತದೆ. ಎರಡು ಸುಣ್ಣಕಲ್ಲಿನ ಗುಡ್ಡಗಳ ನಡುವೆ ಹತ್ತು ಕಿಲೋಮೀಟರ್ ಒಣ ಕಣಿವೆ ಇದ್ದರೆ ಓರಿಯೊಹೆಲಿಕ್ಸ್ ಅದನ್ನು ದಾಟಲಾರದು. ಹಾಗಾಗಿ ಒಂದೊಂದು ಗುಡ್ಡದ್ದು ಒಂದೊಂದು ರೂಪವಾಗಿ, ಕೆಲವು ಜಾತಿಗಳು ಒಂದೇ ಕಣಿವೆಗೆ ಸೀಮಿತವಾಗಿವೆ. ಹಿಂದೆ ಹೀಗಿರಲಿಲ್ಲ ಎನ್ನಲು ಪುರಾವೆಯೂ ಇದೆ. ಅಯೋವಾ ರಾಜ್ಯದ ಬಯಲಿನಲ್ಲಿ, ಹಿಮಯುಗದಲ್ಲಿ ಗಾಳಿ ತಂದು ಹಾಕಿದ ಮಣ್ಣಿನ ಪದರಗಳಲ್ಲಿ ಇದೇ ಕುಲದ ಚಿಪ್ಪುಗಳು ಸಿಕ್ಕಿವೆ. ಹವೆ ತಂಪಾಗಿದ್ದಾಗ ಬಯಲಿಗೂ ಇಳಿದಿದ್ದವು, ಬಿಸಿಯಾದಂತೆ ಬೆಟ್ಟದಲ್ಲಷ್ಟೇ ಉಳಿದುಕೊಂಡವು. ಅಂಥ ಒಂದು ಗುಡ್ಡದಲ್ಲಿ ಕಲ್ಲುಗಣಿ ತೆರೆದರೆ, ರಸ್ತೆ ಕಡಿದರೆ, ಎಲೆಕಸಕ್ಕೆ ಬೆಂಕಿ ಬಿದ್ದರೆ ಪಕ್ಕದ ಗುಡ್ಡದಿಂದ ಬಂದು ತುಂಬಿಕೊಳ್ಳುವವರು ಯಾರೂ ಇಲ್ಲ.

ನಮ್ಮ ನಾಡಿನ ಬೆಟ್ಟದ ಕುಲ ಬೇಕೆಂದರೆ ಪಶ್ಚಿಮ ಘಟ್ಟದ ಇಂಡ್ರೆಲ್ಲಾ ನೋಡಿ. ಇಡೀ ಕುಲಕ್ಕೆ ಒಂದೇ ಜಾತಿ, ಇಂಡ್ರೆಲ್ಲಾ ಆಂಪುಲ್ಲಾ. ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಮೈ ಕೆಂಪೋ ಹಳದಿಯೋ ಇರುತ್ತದೆ, ಚಿಪ್ಪು ಎಷ್ಟು ತೆಳು, ಎಷ್ಟು ಚಿಕ್ಕದೆಂದರೆ ಹುಳು ಪೂರ್ತಿ ಒಳಗೆ ಸೇರಿಕೊಳ್ಳಲಾರದು. ಸದಾ ಹಸಿಯಿರುವ ಕಾಡಿನಲ್ಲಿ ಅದು ನಡೆಯುತ್ತದೆ, ಕೊಪ್ಪಳದ ಏಪ್ರಿಲ್‌ನಲ್ಲಿ ಒಂದು ದಿನ ಬಾಳದು. ಈ ಜಾತಿಯನ್ನು 1850ರಲ್ಲಿ ಮೊದಲು ವಿವರಿಸಿದವನು ಬೆನ್ಸನ್, ಕಲ್ಕತ್ತೆಗೆ ದೈತ್ಯ ಹುಳು ತಂದ ಅದೇ ಆಸಾಮಿ.

ಪ್ರಶ್ನೆ: ದೈತ್ಯ ಬಸವನಹುಳುವನ್ನೇ ತಿನ್ನುವ ಇನ್ನೊಂದು ಬಸವನಹುಳು ಇದೆಯಂತೆ, ವಿಡಿಯೋ ನೋಡಿದೆ. ಅದನ್ನು ತರಿಸಿ ಬಿಟ್ಟರೆ ಔಷಧಿ ಖರ್ಚು ಉಳಿಯುತ್ತದಲ್ಲವೇ?
— ತೋಟದ ಮಾಲೀಕರು, ಲಿಂಗಸುಗೂರು

ಉತ್ತರ: ದಯವಿಟ್ಟು ಆ ಯೋಚನೆ ಬಿಡಿ. ನೀವು ನೋಡಿದ್ದು ಯುಗ್ಲಾಂಡಿನಾ, ಅಮೆರಿಕದ ಫ್ಲೋರಿಡಾ ಕಡೆಯದು. ದೈತ್ಯ ಹುಳುವಿನ ಕಾಟ ತಡೆಯಲೆಂದು 1955ರಲ್ಲಿ ಅದನ್ನು ಹವಾಯಿಯಲ್ಲಿ ಬಿಟ್ಟರು, 1977ರಲ್ಲಿ ಶಾಂತಸಾಗರದ ಮೊರಿಯಾ ದ್ವೀಪದಲ್ಲಿ ಬಿಟ್ಟರು. ಅದು ತೋಟದ ಅಂಗೈಯುದ್ದದ ಹುಳುವಿನ ತಂಟೆಗೆ ಹೆಚ್ಚು ಹೋಗದೆ, ಲೋಳೆಯ ಜಾಡು ಹಿಡಿದು ಬೆಟ್ಟ ಹತ್ತಿತು. ಮೊರಿಯಾದ ಬೆಟ್ಟಗಳಲ್ಲಿ ಪಾರ್ಟುಲಾ ಎಂಬ ಬಸವನಹುಳು ಕುಲದ ಏಳು ಜಾತಿಗಳಿದ್ದವು. ಹತ್ತೇ ವರ್ಷದಲ್ಲಿ ಕಾಡಿನಲ್ಲಿ ಅವು ಹೆಚ್ಚುಕಡಿಮೆ ಅಳಿದೇಹೋದವು. ಮೊದಲೇ ಹಿಡಿದು ಮೃಗಾಲಯಗಳಲ್ಲಿ ಸಾಕಿದ್ದವುಗಳ ಸಂತತಿಯನ್ನು ಈಗ ಮರಳಿ ಬಿಡುತ್ತಿದ್ದಾರೆ. ಹವಾಯಿಯ ಓಆಹು ದ್ವೀಪದ ಬೆಟ್ಟಗಳ ಅಕಟಿನೆಲ್ಲಾ ಕುಲದ್ದೂ ಇದೇ ಪಾಡು. ಆ ಹುಳು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ಬಲಿಯಲು ವರ್ಷಗಳೇ ಬೇಕು. ಬೇಟೆಗಾರನ ಹೊಟ್ಟೆಯ ವೇಗಕ್ಕೆ ಅದರ ಹೆರಿಗೆಯ ವೇಗ ಸಾಟಿಯಾಗಲಿಲ್ಲ. 1981ರಲ್ಲಿ ಇಡೀ ಕುಲವನ್ನೇ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಅದರ ಅಪೆಕ್ಸ್‌ಫುಲ್ವಾ ಎಂಬ ಜಾತಿಯ ಕೊನೆಯ ಹುಳು ಪ್ರಯೋಗಾಲಯದಲ್ಲಿ 2019ರ ಜನವರಿ 1ರಂದು ಸತ್ತಿತು. ದೈತ್ಯ ಹುಳು ಮಾತ್ರ ಇಂದಿಗೂ ಅಲ್ಲಿ ಆರಾಮವಾಗಿದೆ.

ನಿಮ್ಮ ತೋಟದಲ್ಲೇ ಬಿಟ್ಟಿ ಕೂಲಿಗಳಿದ್ದಾರೆ. ಕೆಂಬೂತ ದೈತ್ಯ ಹುಳುವನ್ನು ಕುಕ್ಕಿ ತಿನ್ನುತ್ತದೆ, ಅದಕ್ಕೆ ಅಡಗಲು ಬೇಲಿಯಲ್ಲಿ ಒಂದಷ್ಟು ಪೊದೆ ಬಿಡಿ. ಮಿಂಚುಹುಳುವಿನ ಮರಿಗಳು ಬಸವನಹುಳುವಿನ ಚಿಪ್ಪಿನೊಳಗೆ ನುಗ್ಗಿ ತಿನ್ನುತ್ತವೆ. ಕಪ್ಪಗೆ, ಚಪ್ಪಟೆಯಾಗಿ, ಬಾಲದ ತುದಿಯಲ್ಲಿ ಬೆಳಕಿರುವ ಹುಳು ರಾತ್ರಿ ಕಂಡರೆ ಕೊಲ್ಲಬೇಡಿ. ಕೀಟನಾಶಕ ಹೆಚ್ಚು ಹೊಡೆದ ತೋಟದಲ್ಲಿ ಇವು ಮೊದಲು ಹೋಗುತ್ತವೆ.

ಪ್ರಶ್ನೆ: ಆನೆಗೊಂದಿ ಸುತ್ತ ಇಷ್ಟೊಂದು ಬಂಡೆಗುಡ್ಡ, ಇಷ್ಟೊಂದು ಸಂದಿ. ಆದರೂ ಬಸವನಹುಳು ಕಡಿಮೆ ಏಕೆ?
— ಓದುಗರು, ಗಂಗಾವತಿ

ಉತ್ತರ: ಸಂದಿ ಇದ್ದರಷ್ಟೇ ಸಾಲದು, ಸುಣ್ಣ ಬೇಕು. ಗ್ರಾನೈಟ್ ಒಡೆದು ಆದ ಮರಳುಮಣ್ಣಿನಲ್ಲಿ ಕ್ಯಾಲ್ಸಿಯಂ ಕಡಿಮೆ, ನೀರೂ ನಿಲ್ಲುವುದಿಲ್ಲ, ಎಲೆಕಸ ಮಳೆಗೆ ಕೊಚ್ಚಿಹೋಗುತ್ತದೆ. ಅಂಥ ಕಡೆ ಇರುವ ಹುಳುಗಳ ಚಿಪ್ಪೂ ತೆಳ್ಳಗೇ ಇರುತ್ತದೆ. ಬಂಡೆಯ ನಡುವೆ ಆಲ, ಅತ್ತಿ ಬೇರು ಬಿಟ್ಟು ಎಲೆ ಕೂಡಿರುವ ಕುಳಿಗಳಲ್ಲಿ ಹುಡುಕಿ, ಅಲ್ಲಿ ಸಿಗುತ್ತವೆ. ಎಲೆಯೊಳಗಿನ ಕ್ಯಾಲ್ಸಿಯಂ ಕೊಳೆತು ಮರಳುವುದು ಅಲ್ಲೇ. ರಾಯಚೂರಿನ ಎರೆಭೂಮಿಯಲ್ಲಿ ಉತ್ತಾಗ ಸಿಗುವ ಬಿಳಿ ಸುಣ್ಣದ ಹರಳುಗಳನ್ನು ನೋಡಿರುತ್ತೀರಿ. ಅಲ್ಲಿ ಕ್ಯಾಲ್ಸಿಯಂ ಧಾರಾಳ, ಕೊರತೆ ನೆರಳಿನದು. ಒಂದು ಸುಲಭ ಪರೀಕ್ಷೆ: ಒಣ ಮಣ್ಣಿನ ಮೇಲೆ ಎರಡು ಹನಿ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ ಬಿಡಿ. ನೊರೆಯೆದ್ದರೆ ಸುಣ್ಣ ಇದೆ. ಶಾಲೆಯ ಪ್ರಯೋಗಾಲಯದಲ್ಲಿ ಶಿಕ್ಷಕರೆದುರು ಮಾಡಿ, ಮನೆಯ ಟಾಯ್ಲೆಟ್ ಆ್ಯಸಿಡ್ ಬೇಡ.

ಪ್ರಶ್ನೆ: ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಸಂಗ್ರಹಿಸಿಟ್ಟ ಚಿಪ್ಪುಗಳ ಮೇಲೆ ಬಿಳಿ ಪುಡಿ ಬಂದಿದೆ, ಹುಳಿ ವಾಸನೆ ಬರುತ್ತದೆ. ಬೂಷ್ಟೇ? ಏನು ಮಾಡಬೇಕು?
— ವಿಜ್ಞಾನ ಸಂಘದ ವಿದ್ಯಾರ್ಥಿಗಳು, ಕಂಪ್ಲಿ

ಉತ್ತರ: ಬೂಷ್ಟಲ್ಲ, ಲವಣ. ನೀವು ಪ್ಲೈವುಡ್ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿರಬೇಕು. ಮರ, ರಟ್ಟು, ಅಂಟುಗಳಿಂದ ಅಸಿಟಿಕ್, ಫಾರ್ಮಿಕ್ ಆಮ್ಲದ ಆವಿ ಬರುತ್ತದೆ. ಗಾಳಿಯ ತೇವದೊಂದಿಗೆ ಸೇರಿ ಅದು ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ತಿನ್ನುತ್ತದೆ. ಔಷಧಿ ಹಚ್ಚಿದರೆ ವಾಸಿಯಾಗುವಂಥದ್ದಲ್ಲ. ಚಿಪ್ಪುಗಳನ್ನು ಹೊರತೆಗೆದು ಶುದ್ಧ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮೆತ್ತನೆ ಟೂತ್‌ಬ್ರಷ್‌ನಿಂದ ಉಜ್ಜಿ, ನೀರು ಬದಲಿಸಿ ಇನ್ನೊಮ್ಮೆ ನೆನೆಸಿ, ನೆರಳಲ್ಲಿ ಎರಡು ಮೂರು ದಿನ ಒಣಗಿಸಿ. ಒಳಗೆ ತೇವ ಉಳಿದರೆ ಮತ್ತೆ ಶುರುವಾಗುತ್ತದೆ. ಹೊಳಪಿಗೆಂದು ನಿಂಬೆರಸ, ವಿನೆಗರ್ ತಾಗಿಸಬೇಡಿ, ಚಿಪ್ಪು ಕರಗುತ್ತದೆ. ಬ್ಲೀಚಿಂಗ್ ನೀರು ಮೇಲಿನ ಬಣ್ಣದ ಪೊರೆಯನ್ನು ಕಿತ್ತುಹಾಕುತ್ತದೆ, ಆಮೇಲೆ ಕುಲವನ್ನೂ ಗುರುತಿಸಲಾಗದು.

ಇನ್ನು ಮೇಲೆ ಗಾಜಿನ ಸೀಸೆ ಅಥವಾ ಜಿಪ್ ಇರುವ ಪಾಲಿಥಿನ್ ಚೀಲದಲ್ಲಿಡಿ. ಬೀರು ಕಬ್ಬಿಣದ್ದಿರಲಿ. ಪ್ರತಿ ಚೀಲದೊಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಹಾಕಿ: ಊರು, ಗುಡ್ಡದ ಹೆಸರು, ಮೊಬೈಲ್‌ನಿಂದ ಪಡೆದ ಅಕ್ಷಾಂಶ ರೇಖಾಂಶ, ದಿನಾಂಕ, ಕಲ್ಲಡಿಯೋ ಮರದ ಮೇಲೋ, ಆಯ್ದವರ ಹೆಸರು. ಬಾಲ್‌ಪೆನ್ ಶಾಯಿ ಕೆಲವೇ ವರ್ಷಗಳಲ್ಲಿ ಮಾಸುತ್ತದೆ. ಊರಿನ ಹೆಸರಿಲ್ಲದ ಚಿಪ್ಪು ಶೋಕೇಸಿಗೆ ಸರಿ, ವಿಜ್ಞಾನಕ್ಕಲ್ಲ. ಹೊಸದಾಗಿ ಆಯುವಾಗ ಖಾಲಿ ಚಿಪ್ಪುಗಳನ್ನಷ್ಟೇ ಆಯಿರಿ, ಒಂದು ಜಾಗದಿಂದ ಮೂರ್ನಾಲ್ಕು ಸಾಕು. ಹಳೆ ಚಿಪ್ಪು ಅಲ್ಲಿನ ಜೀವಂತ ಹುಳುಗಳಿಗೆ ಸುಣ್ಣದ ಬುತ್ತಿಯೂ ಹೌದು.

ಪ್ರಶ್ನೆ: ಮಗು ಅಂಗಳದ ದೊಡ್ಡ ಬಸವನಹುಳುವನ್ನು ಕೈಯಲ್ಲಿ ಹಿಡಿದು ಆಡಿದೆ. ವಿಷವೇ?
— ಗೃಹಿಣಿ, ಬಳ್ಳಾರಿ

ಉತ್ತರ: ವಿಷವಿಲ್ಲ, ಕಚ್ಚುವುದೂ ಇಲ್ಲ. ಆದರೆ ದೈತ್ಯ ಹುಳುವಿನ ಮೈಯಲ್ಲಿ ಇಲಿಯ ಶ್ವಾಸಕೋಶದ ಹುಳುವಿನ ಮರಿಗಳು ಇರಬಹುದು. ಅವು ಬಾಯಿಯ ಮೂಲಕ ಹೊಟ್ಟೆ ಸೇರಿದರೆ ಮಿದುಳಿನ ಪೊರೆಯ ಉರಿಯೂತ ತರಬಲ್ಲವು. ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಸಿ. ಬಾಯಿಗೆ ಹಾಕಿಕೊಂಡಿದ್ದರೆ ಈಗಲೇ ವೈದ್ಯರಿಗೆ ಹೇಳಿ. ಮುಂದಿನ ದಿನಗಳಲ್ಲಿ ತೀವ್ರ ತಲೆನೋವು, ಕುತ್ತಿಗೆ ಬಿಗಿತ, ವಾಂತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, 'ಬಸವನಹುಳು ಮುಟ್ಟಿತ್ತು' ಎಂದು ಮರೆಯದೆ ತಿಳಿಸಿ. ಹೇಳದಿದ್ದರೆ ವೈದ್ಯರಿಗೆ ಅದು ಹೊಳೆಯದಿರಬಹುದು. ಹುಳು ಓಡಾಡುವ ಕೈತೋಟದ ಕೊತ್ತಂಬರಿ, ಮೆಂತ್ಯೆ, ಮೂಲಂಗಿ ಎಲೆಯನ್ನು ಹಸಿಯಾಗಿ ತಿನ್ನುವವರು ಎಲೆ ಎಲೆ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆಯಿರಿ. ಬೇಯಿಸಿದರೆ ಭಯವಿಲ್ಲ.

ಪ್ರಶ್ನೆ: ಸುಣ್ಣ ಬಳಿದ ಹಿತ್ತಲ ಗೋಡೆಯ ಮೇಲೆ ರಾತ್ರಿ ಬಸವನಹುಳು ಓಡಾಡಿ ಬೆಳಗ್ಗೆ ಅಂಕುಡೊಂಕು ಗೀರು ಮೂಡಿರುತ್ತದೆ. ಗೋಡೆ ತಿನ್ನುತ್ತವೆಯೇ?
— ಓದುಗರು, ಕುಷ್ಟಗಿ

ಉತ್ತರ: ಹೌದು, ಸುಣ್ಣವನ್ನು ಕೆರೆದು ತಿನ್ನುತ್ತವೆ. ಅವುಗಳ ನಾಲಿಗೆಯ ಮೇಲೆ ಅರದಂತೆ ಸಾವಿರಾರು ಸೂಕ್ಷ್ಮ ಹಲ್ಲುಗಳಿವೆ. ಗೋಡೆ ಬೀಳುವಷ್ಟಲ್ಲ, ಬಣ್ಣ ಹೋಗುವಷ್ಟು. ಗೋಡೆಯ ಬುಡದ ಪಾಚಿ ತೆಗೆದು, ಬಚ್ಚಲ ನೀರು ಅಲ್ಲಿ ನಿಲ್ಲದಂತೆ ಮಾಡಿದರೆ ಬರುವುದು ಕಡಿಮೆಯಾಗುತ್ತದೆ. ಚಪ್ಪಟೆ ಚಿಪ್ಪಿನ ನಾಡಹುಳುವಾದರೆ ಒಡೆದ ಮೊಟ್ಟೆಯ ಸಿಪ್ಪೆಯನ್ನು ಪುಡಿ ಮಾಡಿ ಹಿತ್ತಲ ಮೂಲೆಯ ಎಲೆಗುಪ್ಪೆಗೆ ಹಾಕಿ ನೋಡಿ, ಗೋಡೆ ಬಿಟ್ಟು ಅತ್ತ ಹೋಗಬಹುದು. ದೈತ್ಯ ಹುಳುವಾದರೆ ಕಾರಟಗಿಯವರಿಗೆ ಬರೆದ ಬಕೆಟ್ಟೇ ದಾರಿ.